ಹಳೆಯ ಸಾಣೆಯಂತ್ರ, ಹೊಸ ಕಲ್ಲು

ಗ್ರೈಂಡರ್ ಎಂದೊಡನೆ ಅಡಿಗೆಮನೆಯಲ್ಲಿ ದೋಸೆಹಿಟ್ಟು ರುಬ್ಬುವ ಯಂತ್ರ ಕಣ್ಣಮುಂದೆ ಬರುವುದು ಸಹಜ. ಆದರೆ ಮಲೆನಾಡಿನ ಗ್ಯಾರೇಜು, ಕುಲುಮೆ, ಬಡಗಿಯ ಕೊಟ್ಟಿಗೆ, ಕಾಫಿತೋಟದ ವರ್ಕ್‌ಶಾಪುಗಳಲ್ಲಿ ಇನ್ನೊಂದು ಬಗೆಯ ಗ್ರೈಂಡರ್ ದಶಕಗಳಿಂದ ದುಡಿಯುತ್ತ ಬಂದಿದೆ. ಎರಕದ ಕಬ್ಬಿಣದ ಕವಚದೊಳಗೆ ಒಂದು ವಿದ್ಯುತ್ ಮೋಟಾರು. ಅದರ ದಂಡದ ಎರಡೂ ತುದಿಗಳಿಗೆ ಒಂದೊಂದು ದುಂಡನೆಯ ಸಾಣೆಕಲ್ಲು, ಒಂದು ಒರಟು, ಇನ್ನೊಂದು ನಯ. ಮೇಜಿಗೆ ಬೋಲ್ಟು ಹಾಕಿ ಬಿಗಿದ ಈ ಯಂತ್ರಕ್ಕೆ ಬೆಂಚ್ ಗ್ರೈಂಡರ್ ಎಂದು ಹೆಸರು. ಕತ್ತಿ, ಕೊಡಲಿ, ಉಳಿ, ಪಿಕಾಸಿ, ಡ್ರಿಲ್ಲಿನ ಮೊನೆಗಳು ಮೊಂಡಾದಾಗ ಮತ್ತೆ ಹರಿತ ಪಡೆಯುವುದು ಇದರ ಮುಂದೆಯೇ. ಯಾರ ಗಮನವನ್ನೂ ಸೆಳೆಯದೆ ಉಳಿದೆಲ್ಲ ಹತ್ಯಾರುಗಳನ್ನು ಬದುಕಿಸುವ ಯಂತ್ರವಿದು.

ಈಚಿನ ವರ್ಷಗಳಲ್ಲಿ ಈ ಹಳೆಯ ಯಂತ್ರಗಳು ಒಂದೊಂದಾಗಿ ಗುಜರಿ ಸೇರುತ್ತಿವೆ. ಬೇರಿಂಗ್ ಸದ್ದು ಮಾಡಿತು, ವೈಂಡಿಂಗ್ ಸುಟ್ಟಿತು, ಕಲ್ಲು ಸವೆಯಿತು ಎಂಬ ಸಣ್ಣ ಕಾರಣಗಳೇ ಸಾಕು. ಗುಜರಿಯಲ್ಲಿ ಕಬ್ಬಿಣಕ್ಕೆ ಒಂದು ದರ, ತಾಮ್ರಕ್ಕೆ ಇನ್ನೊಂದು ದರ. ತಾಮ್ರ ಬಿಡಿಸಲು ತಂತಿಯನ್ನು ಊರಾಚೆ ಬಯಲಿನಲ್ಲಿ ಸುಟ್ಟಾಗ ಏಳುವ ಹೊಗೆಗೆ ಮಾತ್ರ ಯಾರೂ ದರ ಕಟ್ಟುವುದಿಲ್ಲ. ಹೋದ ಯಂತ್ರದ ಜಾಗಕ್ಕೆ ಹಗುರವಾದ, ಅಗ್ಗವಾದ, ಕೆಟ್ಟರೆ ಬಿಚ್ಚಲಾಗದ ಹೊಸದೊಂದು ಬರುತ್ತದೆ. ಇಲ್ಲವೇ ಕವಚ ಕಿತ್ತೆಸೆದ ಕೈಗ್ರೈಂಡರೊಂದು ಎಲ್ಲ ಕೆಲಸಕ್ಕೂ ಒದಗುತ್ತದೆ. ಈ ಬದಲಾವಣೆಯಲ್ಲಿ ಕಳೆದುಹೋಗುತ್ತಿರುವುದೇನು, ಉಳಿಸಿಕೊಳ್ಳಬೇಕಾದುದೇನು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಕಾಲ ಬಂದಿದೆ.

ಹಳೆಯ ಬೆಂಚ್ ಗ್ರೈಂಡರುಗಳನ್ನು ಹುಡುಕಿ ತಂದು, ಬಿಚ್ಚಿ, ತೊಳೆದು, ಮತ್ತೆ ಓಡುವಂತೆ ಮಾಡುವುದು ಅಮೆರಿಕದಲ್ಲಿ ಅನೇಕರ ಹವ್ಯಾಸವಾಗಿದೆ. 1920ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಆರಂಭವಾದ ಬಾಲ್ಡೋರ್, ಸಿಯರ್ಸ್ ಮಳಿಗೆಗಳ ಕ್ರಾಫ್ಟ್ಸ್‌ಮನ್, ಡೆಲ್ಟಾ, ವಾಕರ್-ಟರ್ನರ್ ಮೊದಲಾದ ಹೆಸರುಗಳುಳ್ಳ ಯಂತ್ರಗಳಿಗೆ ಅಲ್ಲಿ ವಿಶೇಷ ಬೇಡಿಕೆ. ಈ ಹವ್ಯಾಸಿಗಳ ಒಂದು ಕೆಲಸ ಎಲ್ಲೆಡೆಯೂ ಅನುಕರಣೀಯ. ಮುಚ್ಚಿಹೋದ ಕಂಪೆನಿಗಳ ಕ್ಯಾಟಲಾಗು, ಕೈಪಿಡಿ, ಬಿಡಿಭಾಗಗಳ ಪಟ್ಟಿಗಳನ್ನು ಅವರು ಸಂಗ್ರಹಿಸಿ ಎಲ್ಲರಿಗೂ ಉಚಿತವಾಗಿ ದೊರೆಯುವಂತೆ ಮಾಡಿದ್ದಾರೆ. ಯಂತ್ರಕ್ಕಿಂತ ಮೊದಲು ಅದರ ಬಗೆಗಿನ ತಿಳಿವಳಿಕೆ ಸಾಯುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದಾರೆ. ಆದರೆ ಹವ್ಯಾಸಕ್ಕೆ ತನ್ನದೇ ಆದ ಮಿತಿಯೂ ಇದೆ. ಹೊಳೆಯುವ ಬಣ್ಣ ಬಳಿಸಿಕೊಂಡು ಕಪಾಟಿನಲ್ಲಿ ಕುಳಿತ ಹತ್ತನೆಯ ಗ್ರೈಂಡರು ಯಾರ ಕತ್ತಿಗೂ ಸಾಣೆ ಹಿಡಿಯುವುದಿಲ್ಲ. ಸಂಗ್ರಹದ ಹೆಮ್ಮೆಗೂ ದುರಸ್ತಿಯ ವಿವೇಕಕ್ಕೂ ಇರುವ ಅಂತರ ಅಲ್ಲಿ ಕಾಣುತ್ತದೆ.

ಈ ಯಂತ್ರದ ಹಿಂದಿರುವ ಚರಿತ್ರೆಯೂ ಇದೇ ವಿವೇಕವನ್ನು ಬೋಧಿಸುತ್ತದೆ. ಇಂಗ್ಲೆಂಡಿನ ಷೆಫೀಲ್ಡ್ ಚಾಕು, ಕತ್ತರಿ, ಮುಳ್ಳುಚಮಚಗಳಿಗೆ ಹೆಸರಾದ ಊರು. ಸುತ್ತಲ ಗುಡ್ಡಗಳಿಂದ ಇಳಿಯುವ ಹೊಳೆಗಳಿಗೆ ನೀರುಚಕ್ರಗಳನ್ನು ಕಟ್ಟಿ, ಅವುಗಳ ಬಲದಿಂದ ಮರಳುಗಲ್ಲಿನ ದೊಡ್ಡ ಸಾಣೆಗಳನ್ನು ಅಲ್ಲಿ ತಿರುಗಿಸುತ್ತಿದ್ದರು. ಒಣಸಾಣೆಯಿಂದ ಏಳುವ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶವನ್ನು ತಿಂದುಹಾಕುತ್ತಿತ್ತು. ಮುಳ್ಳುಚಮಚಕ್ಕೆ ಸಾಣೆ ಹಿಡಿಯುವವರು ನಡುವಯಸ್ಸನ್ನೂ ಕಾಣದೆ ಸಾಯುತ್ತಿದ್ದ ಸಂಗತಿಯನ್ನು 19ನೆಯ ಶತಮಾನದ ವೈದ್ಯರು ದಾಖಲಿಸಿದರು. ಫ್ರೆಡರಿಕ್ ಎಂಗೆಲ್ಸ್ 1845ರ ತನ್ನ ಗ್ರಂಥದಲ್ಲಿ ಅದನ್ನು ಲೋಕದ ಮುಂದಿಟ್ಟನು. ಪೋರ್ಟರ್ ಬ್ರೂಕ್ ಎಂಬ ಹೊಳೆಯ ದಡದಲ್ಲಿರುವ ಶೆಫರ್ಡ್ ವ್ಹೀಲ್ ಎಂಬ ಸಾಣೆಮನೆಯನ್ನು ಜೀರ್ಣೋದ್ಧಾರ ಮಾಡಿ 2012ರಲ್ಲಿ ಮತ್ತೆ ಸಾರ್ವಜನಿಕರಿಗೆ ತೆರೆಯಲಾಯಿತು. ಅಲ್ಲಿ ನೀರುಚಕ್ರ ಇಂದೂ ತಿರುಗುತ್ತದೆ. ಯಂತ್ರದ ಚೆಲುವಿನ ಜೊತೆಗೆ ಅದರ ಮುಂದೆ ಕುಳಿತಿದ್ದವರ ಕೆಮ್ಮನ್ನೂ ನೆನೆಯದೆ ಅಂಥ ತಾಣವನ್ನು ನೋಡಿಬರುವುದು ಅರೆಬರೆ ದರ್ಶನವಾಗುತ್ತದೆ.

ಆ ಮರಳುಗಲ್ಲನ್ನು ಹಿಂದೆ ಸರಿಸಿದ್ದು ಕುಲುಮೆಯಲ್ಲಿ ಹುಟ್ಟಿದ ಕಲ್ಲು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡನ್ನು ತಯಾರಿಸಿ ಅದಕ್ಕೆ ಕಾರ್ಬೊರಂಡಂ ಎಂದು ಹೆಸರಿಟ್ಟನು. ಬಾಕ್ಸೈಟನ್ನು ಕರಗಿಸಿ ಪಡೆದ ಅಲ್ಯುಮಿನಿಯಂ ಆಕ್ಸೈಡ್ ಅದರ ಬೆನ್ನಿಗೇ ಬಂದಿತು. ಇನ್ನೊಂದೆಡೆ 1888ರಲ್ಲಿ ನಿಕೊಲಾ ಟೆಸ್ಲಾ ಇಂಡಕ್ಷನ್ ಮೋಟಾರಿಗೆ ಪೇಟೆಂಟ್ ಪಡೆದಿದ್ದನು. ಈ ಎರಡು ಧಾರೆಗಳು ಕೂಡಿದ ಫಲವೇ ಬೆಂಚ್ ಗ್ರೈಂಡರ್. ಭಾರತದಲ್ಲಿ ಗ್ರೈಂಡ್‌ವೆಲ್ 1941ರಲ್ಲಿ, ಕಾರ್ಬೊರಂಡಂ ಯೂನಿವರ್ಸಲ್ 1954ರಲ್ಲಿ ಸ್ಥಾಪನೆಯಾಗಿ ಸಾಣೆಕಲ್ಲುಗಳನ್ನು ಇಲ್ಲಿಯೇ ತಯಾರಿಸತೊಡಗಿದವು. ಬೆಂಗಳೂರಿನಲ್ಲಿ 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸ್ಥಾಪನೆಯಾಯಿತು; ಸರ್ಕಾರಿ ಒಡೆತನದ ಎನ್‌ಜಿಇಎಫ್ ಕೂಡ ಅಲ್ಲಿಯೇ ತಲೆಯೆತ್ತಿ, ದಶಕಗಳ ಕಾಲ ಮೋಟಾರುಗಳನ್ನು ತಯಾರಿಸಿ, 2002ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ಅಲ್ಲಿ ಹುಟ್ಟಿದ ಮೋಟಾರನ್ನು ಪೇಟೆಯ ವೈಂಡಿಂಗ್ ಅಂಗಡಿಯಲ್ಲಿ ಇಂದಿಗೂ ಬಿಚ್ಚಿ ಕಟ್ಟಬಹುದು. ದುರಸ್ತಿಯ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ವಿರಳ.

ಬೆಟ್ಟದ ಜನರಿಗೆ ಈ ವಿಷಯ ಏಕೆ ಮುಖ್ಯ? ಯಂತ್ರದ ಕಬ್ಬಿಣ ಆಕಾಶದಿಂದ ಬಿದ್ದುದಲ್ಲ. ಕುದುರೆಮುಖದ ಗಣಿಗಾರಿಕೆಯನ್ನು ನಿಲ್ಲಿಸಲು ಎಷ್ಟು ವರ್ಷಗಳ ಹೋರಾಟ ಬೇಕಾಯಿತು, 2002ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕವೂ 2005ರ ಕೊನೆಯವರೆಗೆ ಹೇಗೆ ಕಾಯಬೇಕಾಯಿತು ಎಂಬುದು ಭದ್ರಾ, ತುಂಗಾ, ನೇತ್ರಾವತಿಯ ದಡದವರಿಗೆಲ್ಲ ಗೊತ್ತು. ಅಲ್ಯುಮಿನಿಯಂ ಉದ್ಯಮದ ಬಾಕ್ಸೈಟ್ ಹಸಿವಿಗೆ ತಮ್ಮ ಬೆಟ್ಟವನ್ನು ಒಪ್ಪಿಸಲೊಲ್ಲದ ಒಡಿಶಾದ ನಿಯಮಗಿರಿಯ ಡೋಂಗ್ರಿಯಾ ಕೋಂಧರು 2013ರಲ್ಲಿ ಗ್ರಾಮಸಭೆಗಳ ಮೂಲಕ ಗಣಿಗೆ ಬೇಡವೆಂದರು. ಯಂತ್ರ ತಿರುಗಿಸುವ ವಿದ್ಯುತ್ತಿಗಾಗಿ ಶರಾವತಿಯ ಕಣಿವೆ ಮುಳುಗಿತು. 1964ರಲ್ಲಿ ಲಿಂಗನಮಕ್ಕಿಯ ನೀರು ಏರಿದಾಗ ಎದ್ದುಹೋದ ಊರುಗಳ ನೆನಪು ಇನ್ನೂ ಆರಿಲ್ಲ. ಒಂದು ಟನ್ ಉಕ್ಕು ತಯಾರಾಗುವಾಗ ಜಗತ್ತಿನ ಸರಾಸರಿಯಲ್ಲಿ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹೀಗಿರುವಾಗ ಈಗಾಗಲೇ ಅಗೆದು, ಕರಗಿಸಿ, ಎರಕ ಹೊಯ್ದು ಮುಗಿದಿರುವ ಕಬ್ಬಿಣವನ್ನು ಕೈಬಿಟ್ಟು ಇನ್ನೊಂದನ್ನು ಅಗೆಯಲು ಅಪ್ಪಣೆ ಕೊಡುವುದು ಎಂಥ ಲೆಕ್ಕ? ಗಣಿಯನ್ನು ವಿರೋಧಿಸುವ ಕೈ ಗುಜರಿಗೆ ಎಸೆಯುವ ಕೈಯೂ ಆದರೆ ಆ ವಿರೋಧಕ್ಕೆ ಬಲ ಬರುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಹಳೆಯ ಮೋಟಾರು ಹೆಚ್ಚು ವಿದ್ಯುತ್ ತಿನ್ನುವುದಿಲ್ಲವೇ? ತಿನ್ನಬಹುದು. ಪ್ರತಿದಿನ ಗಂಟೆಗಟ್ಟಲೆ ಓಡುವ ನೀರಾವರಿ ಪಂಪಿನ ವಿಷಯದಲ್ಲಿ ಈ ಪ್ರಶ್ನೆ ನಿರ್ಣಾಯಕ. ಅಲ್ಲಿ ದಕ್ಷತೆಯುಳ್ಳ ಹೊಸ ಮೋಟಾರನ್ನು ಹಾಕುವುದೇ ಸರಿಯಾದೀತು. ಆದರೆ ಸಾಣೆಯಂತ್ರ ಓಡುವುದು ದಿನಕ್ಕೆ ಕೆಲವು ನಿಮಿಷ, ಕೆಲವು ದಿನ ಅದೂ ಇಲ್ಲ. ಅದರ ಆಯುಷ್ಯದ ಹೊರೆಯಲ್ಲಿ ಓಟದ ಪಾಲು ಚಿಕ್ಕದು, ಹುಟ್ಟಿನ ಪಾಲು ದೊಡ್ಡದು. ಆದ್ದರಿಂದ ಹಳೆಯದೆಲ್ಲವೂ ಒಳ್ಳೆಯದೆಂಬ ಮಂತ್ರವೂ ಸಲ್ಲದು, ಹೊಸದೆಲ್ಲವೂ ಹಸಿರೆಂಬ ಜಾಹೀರಾತೂ ಸಲ್ಲದು. ಪ್ರತಿ ವಸ್ತುವಿಗೂ ಅದರದೇ ಲೆಕ್ಕವಿದೆ.

ಹಳೆಯ ಗ್ರೈಂಡರ್ ಬಾಳುವುದಕ್ಕೆ ಅದರ ತೂಕವೊಂದೇ ಕಾರಣವಲ್ಲ. ಅದನ್ನು ಬಿಚ್ಚಬಹುದು. ನಾಲ್ಕಾರು ಸ್ಕ್ರೂ ತೆಗೆದರೆ ಒಳಗೆಲ್ಲ ಕಣ್ಣಿಗೆ ಕಾಣುತ್ತದೆ. ಬೇರಿಂಗಿನ ಮೇಲೆ 6203 ಎಂದು ಬರೆದಿದ್ದರೆ ಒಳರಂಧ್ರ 17 ಮಿ.ಮೀ., ಹೊರವ್ಯಾಸ 40 ಮಿ.ಮೀ., ದಪ್ಪ 12 ಮಿ.ಮೀ. ಎಂದೇ ಅರ್ಥ, ಜಗತ್ತಿನ ಯಾವ ಮೂಲೆಯಲ್ಲಿ ತಯಾರಾದ 6203 ಆದರೂ ಅಲ್ಲಿ ಕೂರುತ್ತದೆ. ಈ ಸಾಮಾನ್ಯ ಅಳತೆಯೆಂಬ ಒಪ್ಪಂದವೇ ದುರಸ್ತಿಯ ಬುನಾದಿ. ವೈಂಡಿಂಗ್ ಸುಟ್ಟರೆ ಸುತ್ತು ಎಣಿಸಿ, ತಂತಿಯ ದಪ್ಪ ಅಳೆದು, ಮತ್ತೆ ಸುತ್ತಬಲ್ಲ ಕೈಗಳು ಸಣ್ಣ ಪೇಟೆಗಳಲ್ಲಿ ಇನ್ನೂ ಇವೆ. ಎಡಬದಿಯ ಕಲ್ಲಿನ ನಟ್ಟು ಎಡಸುತ್ತಿನದು, ಬಲಕ್ಕೆ ತಿರುಗಿಸಿದರೆ ಮಾತ್ರ ಸಡಿಲವಾಗುತ್ತದೆ ಎಂಬಂಥ ತಿಳಿವಳಿಕೆ ಆ ಕೈಗಳಲ್ಲಿದೆ. ಇದನ್ನರಿಯದೆ ಬಲಪ್ರಯೋಗ ಮಾಡಿ ದಂಡವನ್ನೇ ಕೆಡಿಸಿದವರು ಕಡಿಮೆಯಲ್ಲ.

ಸರ್ಕಾರಗಳೂ ಈ ದಿಕ್ಕಿನಲ್ಲಿ ತಡವಾಗಿ ಯೋಚಿಸತೊಡಗಿವೆ. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿ, ಮೊದಲಿಗೆ ಆರಿಸಿಕೊಂಡ ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳನ್ನೂ ಸೇರಿಸಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ವಿದ್ಯುತ್ ಹತ್ಯಾರುಗಳನ್ನೂ ತಮ್ಮ ವ್ಯಾಪ್ತಿಗೆ ತಂದವು. ಐರೋಪ್ಯ ಒಕ್ಕೂಟ 2024ರಲ್ಲಿ ದುರಸ್ತಿಗೆ ಒತ್ತು ಕೊಡುವ ನಿರ್ದೇಶನವನ್ನು ಅಂಗೀಕರಿಸಿತು. ಇವೆಲ್ಲ ಸ್ವಾಗತಾರ್ಹ. ಆದರೆ ದುರಸ್ತಿ ಮಾಡಬಲ್ಲ ಮನುಷ್ಯನೇ ಊರು ಬಿಟ್ಟ ಮೇಲೆ ದುರಸ್ತಿಯ ಹಕ್ಕು ಕಾಗದದ ಮೇಲೆ ಉಳಿಯುತ್ತದೆ.

ಇಷ್ಟಾದರೂ ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆಯಬೇಕಾಗಿದೆ. ಹಳೆಯ ಯಂತ್ರದಲ್ಲಿ ಉಳಿಸಬಾರದ ವಸ್ತುಗಳಿವೆ, ಮೊದಲನೆಯದು ಕಲ್ಲು. 8 ಅಂಗುಲದ ಕಲ್ಲು ನಿಮಿಷಕ್ಕೆ 2850 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 30 ಮೀಟರ್, ಅಂದರೆ ಗಂಟೆಗೆ 100 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಓಡುತ್ತಿರುತ್ತದೆ. ಬಿರುಕು ಬಿಟ್ಟ ಕಲ್ಲು ಆ ವೇಗದಲ್ಲಿ ಒಡೆದರೆ ಚೂರುಗಳು ಗುಂಡಿನಂತೆ ಸಿಡಿಯುತ್ತವೆ. ವರ್ಷಗಟ್ಟಲೆ ತೇವದ ಮೂಲೆಯಲ್ಲಿ ಬಿದ್ದಿದ್ದ, ಎಲ್ಲಿಯದೆಂದು ತಿಳಿಯದ ಕಲ್ಲನ್ನು ಹಳೆಯದೆಂಬ ಮಮತೆಯಿಂದ ಓಡಿಸುವುದು ಅವಿವೇಕ. ಹೊಸ ಕಲ್ಲನ್ನೂ ಪರೀಕ್ಷಿಸಿಯೇ ಹಾಕಬೇಕು. ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ, ಒಣಗಿದ ಕಲ್ಲನ್ನು ತೂಗುಬಿಟ್ಟು ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಕಣಕಣ ನಾದ ಬಂದರೆ ಕಲ್ಲು ಸರಿ. ಸತ್ತ ಸದ್ದು ಬಂದರೆ ಅದನ್ನು ಒಡೆದು ಹಾಕಬೇಕು, ಇನ್ನೊಬ್ಬರ ಕೈಗೆ ಸಿಗದಂತೆ. ಕಲ್ಲಿನ ಮೇಲೆ ಅಚ್ಚಾಗಿರುವ ಗರಿಷ್ಠ ವೇಗ ಮೋಟಾರಿನ ವೇಗಕ್ಕಿಂತ ಹೆಚ್ಚಿರಲೇಬೇಕು. ಸಾಣೆಕಲ್ಲಿನ ಸುರಕ್ಷಿತ ವೇಗವನ್ನು ಯಂತ್ರದ ಬಳಿ ಬರೆದು ಹಾಕಬೇಕೆಂದು 1948ರ ಕಾರ್ಖಾನೆ ಕಾಯಿದೆಯ 30ನೆಯ ಕಲಮು ವಿಧಿಸಿತ್ತು. ಕಾಯಿದೆಗಳು ಬದಲಾಗಬಹುದು, ಕಲ್ಲಿನ ಸ್ವಭಾವ ಬದಲಾಗುವುದಿಲ್ಲ.

ಕಲ್ಲಿನ ಸುತ್ತಲಿನ ಉಕ್ಕಿನ ಕವಚ ಕಳೆದುಹೋಗಿದ್ದರೆ ಹೊಸದನ್ನು ಮಾಡಿಸದೆ ಯಂತ್ರವನ್ನು ಓಡಿಸಬಾರದು. ಹತ್ಯಾರನ್ನು ಊರುವ ಆಸರೆಗೂ ಕಲ್ಲಿಗೂ ನಡುವೆ 3 ಮಿ.ಮೀ.ಗಿಂತ, ಮೇಲಿನ ನಾಲಗೆಗೂ ಕಲ್ಲಿಗೂ ನಡುವೆ 6 ಮಿ.ಮೀ.ಗಿಂತ ಹೆಚ್ಚು ಸಂದಿ ಇರಬಾರದು. ಸಂದಿ ಹಿಗ್ಗಿದರೆ ಕತ್ತಿಯ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ. ಹೊಸ ಕಲ್ಲು ಹಾಕಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಬರಿದೇ ಓಡಿಸಬೇಕು. ಕಣ್ಣಿಗೆ ಕನ್ನಡಕ ಬೇಕು; ಕೈಗೆ ಬಟ್ಟೆಯ ಗವಸು, ಹೆಗಲಿನಿಂದ ಇಳಿಬಿದ್ದ ಟವೆಲ್ಲು, ಸೆರಗು ಕೂಡದು. ಧೂಳಿನ ವಿಷಯದಲ್ಲಿ ಷೆಫೀಲ್ಡಿನ ಪಾಠ ಮರೆಯಬಾರದು. ಇಂದಿನ ಕಲ್ಲು ಮರಳುಗಲ್ಲಲ್ಲವಾದರೂ ಲೋಹದ ಹಾಗೂ ಕಲ್ಲಿನ ಪುಡಿ ಶ್ವಾಸಕೋಶಕ್ಕೆ ಹಿತವಲ್ಲ.

ಎರಡನೆಯದಾಗಿ ತಂತಿ. ಹಳೆಯ ರಬ್ಬರು, ಬಟ್ಟೆಯ ಹೊದಿಕೆ ಮುಟ್ಟಿದರೆ ಉದುರುವಂತಾಗಿರುತ್ತದೆ. ಅನೇಕ ಯಂತ್ರಗಳಿಗೆ ಭೂಸಂಪರ್ಕವೇ ಇರುವುದಿಲ್ಲ. ಜಡಿಮಳೆಯ ತಿಂಗಳುಗಳಲ್ಲಿ ಒದ್ದೆ ನೆಲದ ಮೇಲೆ ನಿಂತು ಅಂಥ ಯಂತ್ರವನ್ನು ಮುಟ್ಟುವುದು ಸಾವನ್ನು ಮುಟ್ಟಿದಂತೆ. ಮೂರುತಂತಿಯ ಹೊಸ ಕೇಬಲ್ಲು, ಗಟ್ಟಿಯಾದ ಅರ್ಥಿಂಗ್ ಆಗಲೇಬೇಕು. ಎಣ್ಣೆ ತುಂಬಿದ ಹಳೆಯ ಕೆಪಾಸಿಟರುಗಳಲ್ಲಿ ಪಿಸಿಬಿ ಎಂಬ ದೀರ್ಘಕಾಲ ಉಳಿಯುವ ವಿಷ ಇರುವ ಸಂಭವವಿದೆ. ಅಮೆರಿಕ ಅದರ ತಯಾರಿಕೆಯನ್ನು 1979ರಲ್ಲೇ ನಿಷೇಧಿಸಿತು. ಸೋರುವ ಕೆಪಾಸಿಟರನ್ನು ಬರಿಗೈಯಲ್ಲಿ ಮುಟ್ಟಬಾರದು, ಸುಡಬಾರದು, ಹೊಳೆಗೆ ಎಸೆಯಬಾರದು.

ಮೂರನೆಯದು ಬಣ್ಣ ಮತ್ತು ತುಕ್ಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸುವುದು ಮಕ್ಕಳಿರುವ ಮನೆಯಲ್ಲಿ ಸಲ್ಲದು. ತುಕ್ಕು ಬಿಡಿಸಲು ತೀವ್ರ ಆಮ್ಲವೇ ಬೇಕೆಂದಿಲ್ಲ. ನೀರಿನಲ್ಲಿ ಕದಡಿದ ಕಾಕಂಬಿಯಲ್ಲಿ ಒಂದೆರಡು ವಾರ ನೆನೆಯಿಟ್ಟರೆ ತುಕ್ಕು ಸಡಿಲವಾಗುತ್ತದೆ. ಬಟ್ಟೆಸೋಡಾದ ನೀರಿನಲ್ಲಿ ವಿದ್ಯುತ್ ಹಾಯಿಸಿ ತುಕ್ಕು ತೆಗೆಯುವ ವಿಧಾನವೂ ಉಂಟು. ಆದರೆ ಅಲ್ಲಿ ಹಳೆಯ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆಯನ್ನು ಧನಧ್ರುವವಾಗಿ ಬಳಸಿದರೆ ಕ್ರೋಮಿಯಂನ ವಿಷಕಾರಿ ರೂಪ ನೀರಿಗಿಳಿಯುತ್ತದೆ; ಸಾದಾ ಕಬ್ಬಿಣವನ್ನೇ ಬಳಸಬೇಕು. ಒಂದು ಯಂತ್ರವನ್ನು ಬದುಕಿಸಲು ಒಂದು ಹಳ್ಳವನ್ನು ಕೊಲ್ಲುವುದು ಯಾವ ಸಂರಕ್ಷಣೆಯೂ ಅಲ್ಲ.

ಹರಿತವಾದ ಕೊಡಲಿ ಕಾಡಿಗೆ ಶತ್ರುವಲ್ಲವೇ ಎಂದು ಯಾರಾದರೂ ಕೇಳಬಹುದು. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡಾಗ ಅವರು ಎದುರಿಸಿದ್ದು ಕಾಡನ್ನು ಬರಿಯ ನಾಟಾ ಎಂದು ಕಂಡ ನೀತಿಯನ್ನು; ಅವರ ಮನೆಯಲ್ಲೂ ಕತ್ತಿ, ಕೊಡಲಿಗಳಿದ್ದವು. ಸೊಪ್ಪಿನ ಬೆಟ್ಟದಲ್ಲಿ ಮೊಂಡುಗತ್ತಿಯಿಂದ ಕೊಂಬೆ ಕಡಿದರೆ ತೊಗಟೆ ಸಿಗಿದು, ಗಾಯ ಅಗಲವಾಗಿ, ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ಹರಿತವಾದ ಕತ್ತಿಯ ಒಂದೇ ಏಟಿನ ಗಾಯ ಬೇಗ ಮಾಯುತ್ತದೆ, ಮರ ಮತ್ತೆ ಚಿಗುರುತ್ತದೆ. ತೋಟದ ಕಳೆಯನ್ನು ಸವರಲು ಕೈಗತ್ತಿ ಚೆನ್ನಾಗಿ ಕೂತರೆ ಕಳೆನಾಶಕದ ಡಬ್ಬಿ ಮನೆಗೆ ಬರುವ ಪ್ರಮೇಯ ಕಡಿಮೆಯಾಗುತ್ತದೆ. ಆಳು ಸಿಗುವುದಿಲ್ಲ ಎಂಬ ಕೊರಗಿನ ಒಂದು ಪಾಲು ಮೊಂಡು ಹತ್ಯಾರಿನ ಕೊರಗೂ ಹೌದು. ಸಾಣೆಯಂತ್ರ ಬೆಟ್ಟದ ಬದುಕಿಗೆ ಸಂಬಂಧವಿಲ್ಲದ ವಸ್ತುವಲ್ಲ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಮನೆಗೊಂದು ಗ್ರೈಂಡರ್ ಬೇಕಿಲ್ಲ, ಊರಿಗೊಂದು ಸಾಕು. ಗುಜರಿಗೆ ಹೊರಟ ಯಂತ್ರವೊಂದನ್ನು ಸಹಕಾರ ಸಂಘವೋ ಯುವಕ ಮಂಡಲವೋ ಗುಜರಿಯ ದರಕ್ಕೇ ಪಡೆದು, ಬೇರಿಂಗು, ತಂತಿ, ಕಲ್ಲು, ಕವಚಗಳನ್ನು ಹೊಸದಾಗಿಸಿ, ಗಟ್ಟಿ ಮೇಜಿನ ಮೇಲೆ ಕೂರಿಸಬಹುದು. ಪಕ್ಕದ ಗೋಡೆಯ ಮೇಲೆ ಸುರಕ್ಷತೆಯ ನಿಯಮಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಸಬಹುದು. ಒಂದು ಪುಸ್ತಕದಲ್ಲಿ ಯಂತ್ರದ ಹೆಸರು, ಫಲಕದ ಮೇಲಿನ ವಿವರ, ಬೇರಿಂಗಿನ ಸಂಖ್ಯೆ, ವೈಂಡಿಂಗಿನ ಸುತ್ತು, ಮಾಡಿದ ದುರಸ್ತಿಗಳನ್ನು ದಾಖಲಿಸಿದರೆ ಮುಂದಿನವರಿಗೆ ದಾರಿಯಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಊರಿನ ಹಿರಿಯ ಕಮ್ಮಾರರನ್ನೂ ವೈಂಡಿಂಗ್ ಮಾಡುವವರನ್ನೂ ಕರೆದು, ತಕ್ಕ ಸಂಭಾವನೆ ಕೊಟ್ಟು, ಹುಡುಗ ಹುಡುಗಿಯರಿಗೆ ಕಲಿಸುವಂತೆ ಕೇಳಿಕೊಳ್ಳಬೇಕು. ಅವರ ವಿದ್ಯೆಯನ್ನು ಹೊಗಳುತ್ತಲೇ ಕೂಲಿಗೆ ಚೌಕಾಸಿ ಮಾಡುವ ರೂಢಿ ಇನ್ನಾದರೂ ನಿಲ್ಲಬೇಕು. ದುರಸ್ತಿಗೆ ಕೊಡುವ ಹಣ ಊರಿನಲ್ಲೇ ಉಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೆ ಅದು ಎಂದೂ ದುಬಾರಿಯಲ್ಲ.

ಸಂರಕ್ಷಣೆಯೆಂದರೆ ಇದ್ದದ್ದನ್ನು ಇದ್ದಂತೆಯೇ ಇಡುವುದಲ್ಲ. ಬಾಳುವ ಕಬ್ಬಿಣವನ್ನು ಉಳಿಸಿ, ಸಿಡಿಯುವ ಕಲ್ಲನ್ನು ಬದಲಿಸುವುದು. ಕುಶಲತೆಯನ್ನು ಉಳಿಸಿ, ಕೆಲಸಗಾರನ ಎದೆಗೂ ಕಣ್ಣಿಗೂ ಎರವಾದ ಪದ್ಧತಿಯನ್ನು ಬಿಡುವುದು. ಪರಂಪರೆಯ ಹೆಸರಿನಲ್ಲಿ ಎಲ್ಲವನ್ನೂ ಅಪ್ಪುವವರಿಗೂ ಪ್ರಗತಿಯ ಹೆಸರಿನಲ್ಲಿ ಎಲ್ಲವನ್ನೂ ಎಸೆಯುವವರಿಗೂ ಈ ಚಿಕ್ಕ ಯಂತ್ರ ಹೇಳಬಲ್ಲ ಮಾತು ಇದೇ. ಈ ಮಳೆಗಾಲ ಕಳೆದು ಕೊಯ್ಲಿನ ಕತ್ತಿಗಳನ್ನು ಅಟ್ಟದಿಂದ ಇಳಿಸುವ ಮೊದಲು, ಪ್ರತಿ ಊರೂ ತನ್ನ ಸಾಣೆಯಂತ್ರ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಲಿ.